ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಸಂತೆ

ಮಕ್ಕಳೇ, ಬೆಂಗಳೂರಿನ ಟೌನ್‌ಹಾಲ್‌ನಿಂದ ನಡೆದೇ ತಲುಪಬಹುದಾದ ಬೀದಿಯೊಂದಿದೆ. ಹೆಸರು ಸಾದರ ಪತ್ರಪ್ಪ ರಸ್ತೆ. ಎಲ್ಲರ ಬಾಯಲ್ಲೂ ಎಸ್‌.ಪಿ. ರಸ್ತೆ. ಇಲ್ಲಿ ತರಕಾರಿಯಂತೆ ಕಂಪ್ಯೂಟರಿನ ಬಿಡಿಭಾಗಗಳು ಸಿಗುತ್ತವೆ. ಪುಟ್ಟ ಪುಟ್ಟ ಅಂಗಡಿಗಳು, ಸ್ಕೂಟರುಗಳ ಸಾಲು, ತಳ್ಳುಗಾಡಿಗಳ ಗಡಿಬಿಡಿ. ಅಜ್ಜನ ಕೈ ಬಿಡದೆ ನಡೆಯಿರಿ!

ಆಟಕ್ಕೂ ವಿಡಿಯೊ ಸಂಕಲನಕ್ಕೂ ಒಂದೇ ಕಂಪ್ಯೂಟರ್ ಬೇಕೇ? ಅಂಗಡಿ ಹತ್ತುವ ಮೊದಲೇ ಚೀಟಿ ಬರೆದುಕೊಳ್ಳಿ. ಆಟದ ಚಿತ್ರಗಳನ್ನು ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್. ವಿಡಿಯೊ ಬೇಗ ಸಿದ್ಧವಾಗಲು ಹೆಚ್ಚು ಕೋರ್‌ಗಳಿರುವ ಪ್ರೊಸೆಸರ್ ಬೇಕು. ರ‍್ಯಾಮ್ ಅಂದರೆ ಅಡುಗೆಕಟ್ಟೆ. ಅಗಲವಿದ್ದಷ್ಟೂ ಹೆಚ್ಚು ಪಾತ್ರೆ ಹರಡಬಹುದು. ಆಟಕ್ಕೆ 16 ಜಿಬಿ ಸಾಕಾದೀತು. 4ಕೆ ವಿಡಿಯೊಗೆ 32 ಜಿಬಿ ಇದ್ದರೆ ಕೆಲಸ ಸರಾಗ. ಎಲ್ಲವನ್ನೂ ಕೂಡಿಡುವ ಉಗ್ರಾಣ ಎಸ್‌ಎಸ್‌ಡಿ.

ಒಳ್ಳೆಯ ಭಾಗ ಕೊಂಡರಷ್ಟೇ ಸಾಲದು, ಅವು ಒಂದಕ್ಕೊಂದು ಹೊಂದಬೇಕು. ಡಿಡಿಆರ್4, ಡಿಡಿಆರ್5 ರ‍್ಯಾಮ್‌ಗಳು ನೋಡಲು ಅವಳಿಗಳಂತಿವೆ. ಆದರೆ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಒಂದರ ಗೂಡಿನಲ್ಲಿ ಇನ್ನೊಂದು ಕೂರದು. ಇಂಟೆಲ್ ಪ್ರೊಸೆಸರಿಗೆ ಎಎಂಡಿಯ ಮದರ್‌ಬೋರ್ಡ್ ಒಗ್ಗದು. ಗ್ರಾಫಿಕ್ಸ್ ಕಾರ್ಡಿನ ಉದ್ದ ಪೆಟ್ಟಿಗೆಗೆ ಹಿಡಿಸುತ್ತದೆಯೇ ಎಂದೂ ನೋಡಬೇಕು.

ಬಣ್ಣದ ದೀಪಗಳಿಗೆ ಮರುಳಾಗಿ ಪವರ್ ಸಪ್ಲೈಗೆ ಜಿಪುಣತನ ಬೇಡ. ಕಳಪೆಯದು ಕೆಟ್ಟರೆ ದುಬಾರಿ ಭಾಗಗಳನ್ನೂ ಸುಟ್ಟೀತು. ಮನೆಯವರು ಕೂಡಿಟ್ಟ ಹಣವೆಲ್ಲ ಹೊಗೆ!

ನಾಲ್ಕು ಅಂಗಡಿ ಸುತ್ತಿ ಚೌಕಾಸಿ ಮಾಡುವುದು ಅಜ್ಜ ಅಜ್ಜಿಯ ಕೆಲಸ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ಸಂಖ್ಯೆ ಇದೆಯೇ ಎಂದು ನೋಡುವುದು ಮೊಮ್ಮಕ್ಕಳ ಕೆಲಸ. ವಾರಂಟಿ ಕೇಳುವಾಗ ಅದು ಬೇಕಾಗುತ್ತದೆ. ಚೀಟಿಯಲ್ಲಿ ಇಲ್ಲದ್ದಕ್ಕೆ ಕೈ ಹಾಕದಿರುವುದು ಮಾತ್ರ ಎಲ್ಲರ ಕೆಲಸ.