ಹಳೆಯದನ್ನು ಕೊಟ್ಟು ಹೊಸದನ್ನು ಕೊಂಡದ್ದು

ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳುವ ವ್ಯಾಪಾರ ನಮ್ಮ ಮನೆಗಳಿಗೆ ಹೊಸದಲ್ಲ. ಗಂಡಸರು ಕಚೇರಿಗೂ ಮಕ್ಕಳು ಶಾಲೆಗೂ ಹೋಗಿ ಬೀದಿಯಲ್ಲಿ ಸದ್ದಡಗಿದ ಮಧ್ಯಾಹ್ನದ ವೇಳೆಗೆ, ಸ್ಟೀಲ್ ಪಾತ್ರೆಗಳ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಬರುತ್ತಿದ್ದ ಹೆಂಗಸನ್ನು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೆಳೆದವರು ಮರೆತಿರಲಾರರು. ಹಳೆಯ ಬಟ್ಟೆಗೆ ಹೊಸ ಪಾತ್ರೆ. ಇಷ್ಟೇ ಅವಳ ಅರ್ಥಶಾಸ್ತ್ರ. ನಮ್ಮ ತಾಯಿ ಒಂದು ಜರಿಯ ಸೀರೆಯನ್ನೂ ತಂದೆಯವರ ಎರಡು ಷರಾಯಿಗಳನ್ನೂ ಜಗುಲಿಯ ಮೇಲೆ ಹರಡುವರು. ಅವಳು ಷರಾಯಿಯನ್ನು ಬಿಸಿಲಿಗೆ ಹಿಡಿದು, ಮಂಡಿಯ ಹತ್ತಿರ ಬಟ್ಟೆ ಎಷ್ಟು ತೆಳುವಾಗಿದೆ ಎಂಬುದನ್ನು ಬೀದಿಗೆಲ್ಲ ಕಾಣುವಂತೆ ತೋರಿಸಿ, ಒಂದು ಲೋಟವನ್ನು ಮುಂದಿಡುವಳು. ತಾಯಿ ಲೋಟವನ್ನು ಕಣ್ಣೆತ್ತಿಯೂ ನೋಡದೆ ಮುಚ್ಚಳವಿರುವ ಡಬ್ಬಿಯ ಕಡೆ ಕೈ ತೋರಿಸುವರು. ಅರ್ಧ ಗಂಟೆ ಮಾತು ನಡೆಯುವುದು. ನಡುವೆ ಅವಳು ಎರಡು ಸಲ ಬುಟ್ಟಿಯನ್ನೆತ್ತಿ ಹೊರಟಂತೆ ಮಾಡುವಳು. ತಾಯಿ ಎರಡು ಸಲ ಬಾಗಿಲು ಹಾಕಿಕೊಂಡಂತೆ ಮಾಡುವರು. ಕೊನೆಗೆ ನನ್ನದೊಂದು ಅಂಗಿಯೂ ಸೇರಿ ವ್ಯಾಪಾರ ಕುದುರುವುದು. ಇಬ್ಬರಲ್ಲಿ ಗೆದ್ದವರು ಯಾರೆಂದು ನಾನು ಇಂದಿಗೂ ಹೇಳಲಾರೆ. ಆದರೆ ಬುಟ್ಟಿ ಮತ್ತೆ ತಲೆಗೇರಿದ ಕ್ಷಣಕ್ಕೆ ಲೆಕ್ಕ ಚುಕ್ತಾ. ಡಬ್ಬಿಯನ್ನು ಈಗ ಇಟ್ಟುಕೊಳ್ಳಿ, ಮುಚ್ಚಳ ಅರವತ್ತು ದಿನಗಳಲ್ಲಿ ಬರುತ್ತದೆ ಎಂದು ಅವಳು ಎಂದೂ ಹೇಳಲಿಲ್ಲ.

ನನಗೆ ಹಾಗೆ ಹೇಳಿದವರು ಒಂದು ದೊಡ್ಡ ಮೊಬೈಲ್ ಅಂಗಡಿಯವರು. ಹೆಸರು ಬೇಡ; ಊರ ತುಂಬ ಅಂಗಡಿಗಳನ್ನಿಟ್ಟಿರುವ, ಗಾಜಿನ ಬಾಗಿಲಿನ, ಒಳಗೆ ಹೋದರೆ ಜ್ವರ ಬರುವಷ್ಟು ತಂಪಾಗಿರುವ ಅಂಗಡಿ ಎಂದರೆ ಸಾಕು. 2024ರ ದೀಪಾವಳಿಗೆ ಮುಂಚೆ ಅವರು ಕನ್ನಡ ಪತ್ರಿಕೆಯಲ್ಲಿ ಒಂದು ಪುಟ ತುಂಬ ಜಾಹೀರಾತು ಕೊಟ್ಟಿದ್ದರು. ಹಳೆಯ ಫೋನನ್ನು ಕೊಡಿ. ಅದರ ಬೆಲೆಯ ಮೇಲೆ ಇನ್ನೂ ನಾಲ್ಕು ಸಾವಿರ ರೂಪಾಯಿ 'ಅಪ್‌ಗ್ರೇಡ್ ಬೋನಸ್' ನಿಮ್ಮದು. ಅಕ್ಷರಗಳು ಎರಡು ಅಂಗುಲ ಎತ್ತರ. ನಾಲ್ಕು ಸಾವಿರ ಎಂಬಲ್ಲಿ ಬಲಗಡೆ ಮೇಲೆ ಒಂದು ಸಣ್ಣ ನಕ್ಷತ್ರ.

ಐದು ವರ್ಷ ನನ್ನ ಜೇಬಿನಲ್ಲಿ ಬಾಳಿದ ಫೋನನ್ನು ಒಯ್ದೆ. ಅಂಗಡಿಯ ಹುಡುಗ ಅದಕ್ಕೆ ನಡೆಸಿದ ಪರೀಕ್ಷೆ ಹಿಂದಿನ ಕಾಲದ ಹೆಣ್ಣು ನೋಡುವ ಶಾಸ್ತ್ರವನ್ನು ನೆನಪಿಗೆ ತಂದಿತು. ಬೆಳಕಿಗೆ ತಿರುಗಿಸಿ ಗಾಜಿನ ಮುಖ ನೋಡಿದ, ಮಾತನಾಡಿಸಿದ, ಹಾಡಿಸಿದ, ನಡುಗಿಸಿದ, *#06# ಒತ್ತಿ ಅದರ ಹದಿನೈದು ಅಂಕಿಯ ಜಾತಕವನ್ನೂ ತೆಗೆದ. 5,200 ರೂಪಾಯಿ ಎಂದ. ಹೊಸ ಫೋನು 23,999. ಹಳೆಯದರ ಬೆಲೆಯನ್ನು ಅಲ್ಲೇ ಕಳೆದರು. ಬೋನಸ್ ಮಾತ್ರ ಅರವತ್ತು ದಿನಗಳೊಳಗೆ ಬ್ಯಾಂಕಿನ ಖಾತೆಗೆ ಬರುತ್ತದೆ ಎಂದರು. ನಾನೇನಾದರೂ ಮಾಡಬೇಕೇ ಎಂದು ಕೇಳಿದೆ. "ಏನೂ ಇಲ್ಲ ಸಾರ್, ತಾನಾಗೇ ಬರುತ್ತೆ" ಎಂದ ಹುಡುಗ, ಖಾತೆಯ ಸಂಖ್ಯೆ ಬರೆದುಕೊಂಡ. ಬಿಲ್ಲಿನಲ್ಲಿಯೂ 'ಅಪ್‌ಗ್ರೇಡ್ ಬೋನಸ್ ರೂ. 4,000' ಎಂದು ಅಚ್ಚಾಗಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ವ್ಯಾಪಾರದಲ್ಲಿ ನನ್ನ ಪಾಲಿನದೆಲ್ಲ ಆ ಮೇಜಿನ ಬಳಿಯಲ್ಲೇ ಮುಗಿದಿತ್ತು. ಹಣ ಕೊಟ್ಟಿದ್ದೆ, ಫೋನು ಕೊಟ್ಟಿದ್ದೆ; ಅದು ಆ ಸಂಜೆಗೇ ಯಾವುದೋ ಗೋಣಿಚೀಲ ಸೇರಿ ಊರು ಬಿಟ್ಟಿದ್ದೀತು. ಬೇಡ, ನನ್ನದನ್ನು ನನಗೆ ಕೊಡಿ ಎಂದು ಇನ್ನು ಕೇಳುವಂತಿಲ್ಲ. ಉಳಿದದ್ದು ಅವರ ಪಾಲು, ಅದೂ ಮಾತಿನ ರೂಪದಲ್ಲಿ. ಪಾತ್ರೆಯವಳ ಮುಂದೆ ನಮ್ಮ ತಾಯಿ ಸೀರೆಯ ಒಂದು ಸೆರಗನ್ನು ಕೈಯಲ್ಲಿ ಹಿಡಿದೇ ಮಾತನಾಡುತ್ತಿದ್ದುದರ ಅರ್ಥ ನನಗೆ ಹೊಳೆದದ್ದು ಆಮೇಲೆ.

ಅರವತ್ತು ದಿನ ಕಳೆಯಿತು, ಎಪ್ಪತ್ತೂ ಕಳೆಯಿತು. ಅಂಗಡಿಗೆ ಹೋದರೆ, ಬೋನಸ್ ಕೊಡುವವರು ಫೋನ್ ಕಂಪನಿಯವರು ಎಂದರು. ಕಂಪನಿಯ ಸಂಖ್ಯೆಗೆ ಫೋನು ಮಾಡಿದರೆ ಸಂಗೀತ ಕೇಳಿಸಿದರು. ಹದಿನೆಂಟು ನಿಮಿಷದ ನಂತರ ಬಂದ ದನಿ, ಹಳೆಯ ಫೋನುಗಳನ್ನು ಕೊಳ್ಳುವ ಏಜೆನ್ಸಿಯವರನ್ನು ಕೇಳಿ ಎಂದಿತು. ಏಜೆನ್ಸಿಯವರು ಒಂದು ಸಾಲಿನ ಸಂದೇಶ ಕಳುಹಿಸಿದರು: ಕೊಂಡ ಏಳು ದಿನಗಳೊಳಗೆ ಆ್ಯಪ್‌ನಲ್ಲಿ ನೋಂದಾಯಿಸಿಲ್ಲವಾದ್ದರಿಂದ ತಾವು ಅರ್ಹರಲ್ಲ.

ಏಳು ದಿನದ ಮಾತು ಎಲ್ಲಿಂದ ಬಂತು? ನನ್ನ ಹೆಂಡತಿ ಜಾಹೀರಾತಿನ ಹಾಳೆಯನ್ನು ಬಿಲ್ಲಿನ ಜೊತೆಗೆ ಮಡಿಸಿಟ್ಟಿದ್ದಳು. ಭೂತಗನ್ನಡಿ ಹಿಡಿದು ನಕ್ಷತ್ರದ ಜಾಡಿನಲ್ಲಿ ಹೊರಟೆವು. ಮದುವೆಯ ದಿನ ಪುರೋಹಿತರು ಅರುಂಧತಿಯನ್ನು ತೋರಿಸುತ್ತಾರಷ್ಟೆ. ಹುಡುಗಿಗೆ ಕಾಣುವುದು ಹಂಚಿನ ಮಾಡು, ಆದರೂ ಕಂಡೆನೆಂದು ತಲೆಯಾಡಿಸುತ್ತಾಳೆ. ಜಾಹೀರಾತಿನ ನಕ್ಷತ್ರವೂ ಹಾಗೆಯೇ. ಕಂಡಿದೆಯೆಂದು ನಾವೆಲ್ಲ ಒಪ್ಪಿಕೊಂಡೇ ಸಂಸಾರ ಶುರುವಾಗುತ್ತದೆ. ಪುಟದ ತಳದಲ್ಲಿ ಅದು ಸಿಕ್ಕಿತು. ಕನ್ನಡ ಜಾಹೀರಾತಿನ ಕೆಳಗೆ ಇಂಗ್ಲಿಷಿನಲ್ಲಿ, ಸಾಸಿವೆಕಾಳಿಗಿಂತ ಚಿಕ್ಕ ಅಕ್ಷರದಲ್ಲಿ, ಷರತ್ತುಗಳು ಅನ್ವಯಿಸುತ್ತವೆ, ವಿವರಕ್ಕೆ ವೆಬ್‌ಸೈಟ್ ನೋಡಿ ಎಂದಿತ್ತು. ಏಳು ದಿನವೂ ಇಲ್ಲ, ಆ್ಯಪ್ ಕೂಡ ಇಲ್ಲ.

ಸ್ನೇಹಿತರಿಗೆ ಹೇಳಿಕೊಂಡೆ. ಎಲ್ಲರೂ ಒಂದೇ ಮಾತು: "ಹೋಗಲಿ ಬಿಡಿ." ಈ ಎರಡು ಪದಗಳ ಬಗ್ಗೆ ಯಾರಾದರೂ ಒಂದು ಪ್ರಬಂಧ ಬರೆಯಬೇಕು. ಕೇಳುವುದಕ್ಕೆ ವೇದಾಂತದ ಹಾಗಿರುತ್ತವೆ. ಆಟೋದವನು ಹತ್ತು ರೂಪಾಯಿ ಹೆಚ್ಚು ಕೇಳಿದಾಗ ಇವು ಔದಾರ್ಯ; ನೆರೆಯವರು ಜಗಳಕ್ಕೆ ಬಂದಾಗ ವಿವೇಕ. ಆದರೆ ಗಾಜಿನ ಬಾಗಿಲಿನವರ ಲೆಕ್ಕದ ಪುಸ್ತಕದಲ್ಲಿ ಇವು ಬರಿಯ ಆದಾಯ. ನನ್ನ ಹಾಗೆ ಒಂದು ಸಾವಿರ ಜನ ಕೊಂಡು, ಒಂಬೈನೂರು ಜನ ಹೋಗಲಿ ಬಿಡಿ ಎಂದರೆ 36 ಲಕ್ಷ ರೂಪಾಯಿ ಯಾರ ಜಗಳವೂ ಇಲ್ಲದೆ ಉಳಿಯುತ್ತದೆ. ಹದಿನೆಂಟು ನಿಮಿಷದ ಸಂಗೀತ ಇರುವುದೇ ಈ ಮಾತು ನಮ್ಮ ಬಾಯಿಂದ ಹೊರಡಲೆಂದು ಎಂದು ನನ್ನ ಗುಮಾನಿ.

ನಾನೂ ಹೊರಡಿಸುತ್ತಿದ್ದೆನೋ ಏನೋ. ಹೆಂಡತಿ ಬೀನ್ಸ್ ಮುರಿಯುತ್ತ ತಲೆಯೆತ್ತದೆ ಕೇಳಿದಳು: "ಅತ್ತೆಯವರಾಗಿದ್ದರೆ ಮುಚ್ಚಳ ಬಿಟ್ಟುಬಿಡುತ್ತಿದ್ದರೇನು?"

ಮರುದಿನ ವಕೀಲ ಮಿತ್ರರೊಬ್ಬರ ಮನೆಗೆ ಹೋದೆ. ಅವರು ಕಾಫಿ ಕೊಟ್ಟು, ಇಂಗ್ಲೆಂಡಿನ ಕಾರ್ಲಿಲ್ ಎಂಬಾಕೆಯ ಕಥೆ ಹೇಳಿದರು. ಕಾನೂನು ಓದುವ ಹುಡುಗರಿಗೆಲ್ಲ ಈ ಮೊಕದ್ದಮೆ ಅಕ್ಷರಾಭ್ಯಾಸವಿದ್ದಂತೆ. ಇನ್‌ಫ್ಲುಯೆಂಜಾ ಹಾವಳಿಯ ಕಾಲ. ಕಾರ್ಬಾಲಿಕ್ ಸ್ಮೋಕ್ ಬಾಲ್ ಎಂಬ ಕಂಪನಿ, ತನ್ನ ಔಷಧದ ಚೆಂಡನ್ನು ದಿನಕ್ಕೆ ಮೂರು ಸಲದಂತೆ ಎರಡು ವಾರ ಮೂಸಿದವರಿಗೆ ಆ ಜ್ವರ ಬಂದರೆ 100 ಪೌಂಡು ಕೊಡುವುದಾಗಿ ಪತ್ರಿಕೆಯಲ್ಲಿ ಸಾರಿತು. ನಂಬಿಕೆ ಹುಟ್ಟಲೆಂದು 1,000 ಪೌಂಡನ್ನು ಬ್ಯಾಂಕಿನಲ್ಲಿ ಇಟ್ಟಿರುವುದಾಗಿಯೂ ಹೇಳಿತು. ಆಕೆ ಶ್ರದ್ಧೆಯಿಂದ ಮೂಸಿದರು. 1892ರ ಜನವರಿಯಲ್ಲಿ ಜ್ವರ ಬಂದಿತು. ಹಣ ಕೇಳಿದರೆ ಕಂಪನಿಯವರು, ಜಾಹೀರಾತೆಂದರೆ ಬಣ್ಣದ ಮಾತು, ಲೋಕಕ್ಕೆಲ್ಲ ಯಾರಾದರೂ ವಾಗ್ದಾನ ಮಾಡುವುದುಂಟೇ, ಒಪ್ಪಿದೆನೆಂದು ಆಕೆ ನಮಗೆ ತಿಳಿಸಲೂ ಇಲ್ಲ ಎಂದು ವಾದಿಸಿದರು. ಮೇಲ್ಮನವಿಯ ನ್ಯಾಯಾಲಯ ಅದೇ ವರ್ಷದ ಡಿಸೆಂಬರಿನಲ್ಲಿ ಆ ವಾದವನ್ನು ತಳ್ಳಿಹಾಕಿತು: ಜಾಹೀರಾತು ಹೇಳಿದ್ದನ್ನು ಆಕೆ ಮಾಡಿದ್ದಾರೆ, ಮಾಡಿದ್ದೇ ಒಪ್ಪಿಗೆ, ಹಣ ಕೊಡಿ. "ನಮ್ಮ 1872ರ ಕರಾರು ಕಾಯಿದೆಯ 8ನೆಯ ಕಲಮು ಇದನ್ನು ಇಪ್ಪತ್ತು ವರ್ಷ ಮುಂಚೆಯೇ ಹೇಳಿತ್ತು, ಸ್ವಾಮಿ" ಎಂದು ಮಿತ್ರರು ಆ ಕಾಯಿದೆಯನ್ನು ತಾವೇ ಬರೆದಷ್ಟು ಹೆಮ್ಮೆಪಟ್ಟರು. ಕೇಳಿದ ಷರತ್ತನ್ನು ನೆರವೇರಿಸಿದರೆ ಪ್ರಸ್ತಾಪವನ್ನು ಒಪ್ಪಿದಂತೆಯೇ. ಒಪ್ಪಿಯಾದ ಮೇಲೆ ಹೊಸ ಷರತ್ತು ತರುವಂತಿಲ್ಲ.

ಇನ್ನುಳಿದದ್ದನ್ನೂ ಅವರೇ ತಿಳಿಸಿದರು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಕಂಪನಿಯ ಮುಖ್ಯ ಕಚೇರಿ ಎಲ್ಲೇ ಇರಲಿ, ಗ್ರಾಹಕ ತಾನಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿನದಾದರೆ ಶುಲ್ಕವಿಲ್ಲ. ವಕೀಲರನ್ನಿಡಲೇಬೇಕೆಂದಿಲ್ಲ; ಈ ಮಾತನ್ನು ವಕೀಲರೇ ಹೇಳಿದ್ದರಿಂದ ನನಗೆ ಹೆಚ್ಚು ನಂಬಿಕೆ ಬಂತು. ಎರಡು ವರ್ಷದೊಳಗೆ ಕೇಳಬೇಕು. ನೋಟಿಸು ತಲುಪಿದ ಮೇಲೆ ಎದುರು ಪಕ್ಷದವರು 30 ದಿನದಲ್ಲಿ ಉತ್ತರ ಕೊಡಬೇಕು; ಆಯೋಗ ಇನ್ನು 15 ದಿನ ಕೊಡಬಹುದು, ಅದಕ್ಕಿಂತ ಹೆಚ್ಚಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಜಾಹೀರಾತುಗಳ ಬಗ್ಗೆ 2022ರಲ್ಲಿ ಬಂದ ಮಾರ್ಗಸೂಚಿಯಂತೂ, ಭರವಸೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಕಾಣುವಂಥ ಜಾಗದಲ್ಲಿ ಇರಬೇಕೆನ್ನುತ್ತದೆ. ನಾನು ಮಡಿಸಿ ಒಯ್ದಿದ್ದ ಹಾಳೆಯನ್ನು ಮಿತ್ರರು ಬಹಳ ಹೊತ್ತು ನೋಡಿದರು. "ಇದನ್ನು ಕಳೆದುಕೊಳ್ಳಬೇಡಿ" ಎಂದರು.

ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿದೆ. ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು. ದೂರನ್ನು ಕಂಪನಿಗೆ ಕಳುಹಿಸಿದರು; ಎಷ್ಟೋ ಜಗಳ ಇಲ್ಲಿಗೇ ಮುಗಿಯುವುದುಂಟಂತೆ, ನನ್ನದು ಮುಗಿಯಲಿಲ್ಲ. ಅನಂತರ ಮೂವರಿಗೂ ನೋಟಿಸು ಬರೆದೆ. ಆಗಿನ್ನೂ ರಿಜಿಸ್ಟರ್ಡ್ ಅಂಚೆಯಿತ್ತು. ಅದು ಸ್ಪೀಡ್ ಪೋಸ್ಟಿನಲ್ಲಿ ಲೀನವಾದದ್ದು 2025ರಲ್ಲೇ ಆದರೂ, ಕೆಲವು ತಿಂಗಳ ನಂತರ. ಮೂರು ಸ್ವೀಕೃತಿ ಕಾರ್ಡುಗಳೂ ಸಹಿಯಾಗಿ ಹಿಂತಿರುಗಿದವು, ಉತ್ತರವೊಂದೂ ಬರಲಿಲ್ಲ. ಆಗ ಇ-ಜಾಗೃತಿ ಎಂಬ ಸರ್ಕಾರಿ ತಾಣದಲ್ಲಿ ದೂರು ದಾಖಲಿಸಿದೆ. ಬಿಲ್ಲು, ಜಾಹೀರಾತಿನ ಚಿತ್ರ, ಏಜೆನ್ಸಿಯ ಸಂದೇಶ, ಆ ಮೂರು ಕಾರ್ಡುಗಳು. ಒಂದು ಭಾನುವಾರ ಹಿಡಿಯಿತು. ಮಗಳು ಸಹಾಯ ಮಾಡಿದಳು.

ಆಯೋಗದ ನೋಟಿಸು ಹೋದ ಮೇಲೆ ಕಂಪನಿಯಿಂದ ಒಂದು ಫೋನು ಬಂತು. ಈ ಸಲ ಸಂಗೀತವಿರಲಿಲ್ಲ. ಬಹಳ ಮರ್ಯಾದೆಯ ಹೆಣ್ಣುಮಗಳು ಮಾತನಾಡಿದಳು. ತಮ್ಮಂಥ ಗೌರವಾನ್ವಿತ ಗ್ರಾಹಕರಿಗೆ ಸದ್ಭಾವನೆಯ ಕುರುಹಾಗಿ ಕಂಪನಿ 4,000 ರೂಪಾಯಿ ಕೊಡಲಿದೆ, ಒಂದು ಕಾಗದಕ್ಕೆ ಸಹಿ ಹಾಕಿದರಾಯಿತು ಎಂದಳು.

ನಿಜ ಹೇಳುತ್ತೇನೆ, ಆವರೆಗೆ ನನಗೆ ಕೋಪ ಬಂದಿರಲಿಲ್ಲ, ಬೇಸರವಿತ್ತು ಅಷ್ಟೆ. ಈ 'ಸದ್ಭಾವನೆ' ಎಂಬ ಪದ ಕೇಳಿ ಕೋಪ ಬಂತು. ಸಾಲ ತೆಗೆದುಕೊಂಡವನು ತೀರಿಸುವ ದಿನ ಅದನ್ನು ದಾನವೆಂದು ಕರೆದರೆ ಹೇಗೆ? ಹಣ ಕೊಡಿ, ಬಿಲ್ಲಿನಲ್ಲಿ ನಮೂದಿಸಿದ ಬೋನಸ್ ಎಂದು ಬರೆದು ಕೊಡಿ ಎಂದೆ. "ಸಾರ್, ಆ ಫಾರಮ್ಮು ಬದಲಾಯಿಸೋದಕ್ಕೆ ನಮಗೆ ಆಗಲ್ಲ" ಎಂದಳು ಪಾಪ. ಅವಳದೇನು ತಪ್ಪು? ಸಹಿ ಹಾಕಲಿಲ್ಲ. ದುಡ್ಡು ಬರುವಾಗ ವ್ಯಾಕರಣ ಹಿಡಿದು ಕೂತರೆಂದು ಸ್ನೇಹಿತರು ನಕ್ಕರು. ನಗಲಿ. ಅದು ಅವರ ಕೃಪೆಯಾದರೆ ನಾನು ಬೇಡಲು ಹೋದವನಾಗುತ್ತೇನೆ; ನನ್ನ ಹಕ್ಕಾದರೆ, ಕೇಳಲು ಹೋದವನು. ಐದು ತಿಂಗಳು ಓಡಾಡಿದ್ದು ಬೇಡುವುದಕ್ಕಲ್ಲ.

ವಿಚಾರಣೆಯ ದಿನ ಆಯೋಗದ ಮೊಗಸಾಲೆಯಲ್ಲಿ ನನ್ನ ಪಕ್ಕ ಕೂತವರೊಬ್ಬರದು ತಣ್ಣಗಾಗದ ಫ್ರಿಜ್ಜು, ಇನ್ನೊಬ್ಬರದು ಹಿಂತಿರುಗದ ಕೋಚಿಂಗ್ ಫೀಜು; ಒಬ್ಬ ಅಜ್ಜಿಯದು ಗೆಜ್ಜೆಕಟ್ಟಿಲ್ಲದ ಹೊಲಿಗೆ ಯಂತ್ರವೇನೋ, ಸರಿಯಾಗಿ ಕೇಳಿಸಲಿಲ್ಲ. ಕಂಪನಿಯ ಪರವಾಗಿ ಬಂದಿದ್ದ ವಕೀಲ ಚಿಕ್ಕ ವಯಸ್ಸಿನವನು. ನನ್ನ ಹಾಳೆಯ ಮೇಲೂ ಬಿಲ್ಲಿನ ಮೇಲೂ ಒಮ್ಮೆ ಕಣ್ಣಾಡಿಸಿ, ಹೊರಗೆ ಹೋಗಿ ಯಾರಿಗೋ ಫೋನು ಮಾಡಿ ಬಂದ. ಕಿಟಕಿಯ ಕಟ್ಟೆಯ ಮೇಲೆ ಕಾಗದವಿಟ್ಟು ರಾಜಿಪತ್ರವನ್ನು ತಾನೇ ಕೈಯಲ್ಲಿ ಬರೆದ: ಬಿಲ್ಲಿನಂತೆ ಸಲ್ಲಬೇಕಾದ ಬೋನಸ್ 4,000, ಖರ್ಚಿನ ಬಾಬ್ತು 2,000. ಇಬ್ಬರೂ ಸಹಿ ಹಾಕಿ ಆಯೋಗದ ಮುಂದಿಟ್ಟೆವು. ಹನ್ನೊಂದನೆಯ ದಿನ ಹಣ ಬಂತು.

ಮೆಟ್ಟಿಲಿಳಿಯುವಾಗ ಆ ಹುಡುಗ ಹಿಂದೆಯೇ ಬಂದು, ಆ ಜಾಹೀರಾತಿನ ಹಾಳೆ ಇನ್ನೊಮ್ಮೆ ಸಿಗುತ್ತದೆಯೇ ಎಂದು ಕೇಳಿದ. ಅವನ ತಂದೆ ಅದೇ ದೀಪಾವಳಿಗೆ ತುಮಕೂರಿನಲ್ಲಿ ಹಳೆಯ ಫೋನು ಕೊಟ್ಟು ಹೊಸದು ತಂದಿದ್ದರಂತೆ. ಬಿಲ್ಲಿದೆ, ಹಾಳೆ ಕಳೆದುಹೋಗಿದೆ. ಎರಡು ವರ್ಷ ತುಂಬಲು ಇನ್ನೂ ಬೇಕಾದಷ್ಟು ಕಾಲವಿತ್ತು. ಎದುರುಗಡೆ ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರತಿ ತೆಗೆಸಿದೆವು. ತಳದ ಸಾಲು ಸರಿಯಾಗಿ ಮೂಡಿಲ್ಲವೆಂದು, ಅಂಗಡಿಯವನಿಗೆ ಹೇಳಿ ಅದನ್ನು ದೊಡ್ಡದು ಮಾಡಿಸಿ ಇನ್ನೊಂದು ತೆಗೆಸಿದ.