ಚಿತ್ರದ ಮನೆಗೂ ಧೂಳು ಬೇಕು

ಕಟ್ಟುವ ಮೊದಲೇ ಮನೆಯನ್ನು ತೋರಿಸುವುದು ನಮ್ಮ ಕಸುಬು. ಗಾದಿಗನೂರಿನಲ್ಲಿ ನಾವು ಇಬ್ಬರು ಗೆಳೆಯರು ಕಂಪ್ಯೂಟರಿನ ಮುಂದೆ ಕುಳಿತು ನಕ್ಷೆಗೆ ಗೋಡೆ ಎಬ್ಬಿಸುತ್ತೇವೆ, ಬಣ್ಣ ಬಳಿಯುತ್ತೇವೆ, ಬಿಸಿಲು ಬೀಳಿಸುತ್ತೇವೆ. ಇದನ್ನು ರೆಂಡರಿಂಗ್ ಎನ್ನುತ್ತಾರೆ. ರಾತ್ರಿಯಿಡೀ ಯಂತ್ರ ಓಡಿದರೆ ಬೆಳಿಗ್ಗೆ ಒಂದು ಚಿತ್ರ.

ಆದರೆ ಆ ಚಿತ್ರದಲ್ಲಿ ಎಲ್ಲವೂ ಅತಿ ಸ್ಪಷ್ಟ. ಗೋಡೆಯ ಅಂಚು ಬ್ಲೇಡಿನಂತೆ, ನೆರಳು ಕತ್ತರಿಸಿಟ್ಟಂತೆ. ಅದಕ್ಕೇ ಫೋಟೊಶಾಪ್‌ಗೆ ಒಯ್ಯುತ್ತೇವೆ. ಚಿತ್ರದ ಮೇಲೆ ಅದರದೇ ಒಂದು ಪ್ರತಿ ಇಟ್ಟು, ಗಾಸಿಯನ್ ಬ್ಲರ್‌ನಿಂದ ಮಸುಕುಗೊಳಿಸಿ, ಐದರಲ್ಲಿ ಒಂದು ಪಾಲು ಮಾತ್ರ ಕಾಣುವಂತೆ ಬಿಡುತ್ತೇವೆ. ಬೆಳಕು ಅಂಚಿನಾಚೆಗೆ ತುಸು ಹರಡುತ್ತದೆ. ಕಡುಗಪ್ಪನ್ನು ಸ್ವಲ್ಪ ತಿಳಿಗೊಳಿಸಿ, ದೂರದ ಬೇವಿನ ಮರದ ಬಣ್ಣ ಇಳಿಸಿ, ಸಣ್ಣ ಕಣಗಳನ್ನು ಚಿಮುಕಿಸಿದರೆ ಮುಗಿಯಿತು.

ಈ ಮೃದುತ್ವ ಹೊಸದೇನಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಇಲ್ಲೇ ಪಕ್ಕದ ಹಂಪಿಯ ಗುಡಿ, ಮಂಟಪಗಳನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಕಾಗದದ ನಾರಿನ ಮೂಲಕ ಬೆಳಕು ಹಾಯುವಾಗ ಗಾಜಿನ ನೆಗೆಟಿವ್‌ನ ಹರಿತ ಬರುವುದಿಲ್ಲ. ಆದರೂ ಕಲ್ಲು ಕಲ್ಲಾಗಿಯೇ ಕಾಣುತ್ತದೆ!

ಚಂದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಹರಿತವಾದ ಚಿತ್ರದ ಮುಂದೆ ಜನ ಬಾಯಿ ಬಿಡುವುದಿಲ್ಲ, ಎಲ್ಲ ತೀರ್ಮಾನವಾಗಿದೆ ಎಂದುಕೊಳ್ಳುತ್ತಾರೆ. ಗಂಡ ಅದಿರು ಲಾರಿ ಓಡಿಸಿ ಉಳಿಸಿದ ದುಡ್ಡಿನಲ್ಲಿ ಮನೆ ಕಟ್ಟಿಸಲು ಬಂದ ತಾಯಿಯೊಬ್ಬರು ಮೊದಲ ಚಿತ್ರ ನೋಡಿ, "ಇದು ಯಾರ ಮನಿ ತಮ್ಮಾ?" ಎಂದು ಸುಮ್ಮನಾದರು. ಮೃದುಗೊಳಿಸಿದ್ದನ್ನು ತೋರಿಸಿದಾಗ ಪರದೆಯ ಮೇಲೆ ಬೆರಳಿಟ್ಟರು. "ಇಲ್ಲಿ ಕೂಡಾಕ ಒಂದು ಕಟ್ಟಿ ಬೇಕಲ್ಲ?"

ಮಸುಕಿನೊಳಗೆ ಮೋಸವೂ ಅಡಗಬಲ್ಲದು. ಮೂರಡಿ ದೂರದ ಪಕ್ಕದ ಗೋಡೆ, ಕರೆಂಟ್ ಕಂಬ, ಇವನ್ನೆಲ್ಲ ಕರಗಿಸಿ ಹುಲ್ಲುಹಾಸು ಹಾಕಿಕೊಡಿ ಎಂದು ನಿವೇಶನ ಮಾರುವವರು ಕೇಳುತ್ತಾರೆ. ಅಂಥ ಕೆಲಸವನ್ನು ನಾವು ಒಪ್ಪುವುದಿಲ್ಲ, ದುಡ್ಡು ಹೋದರೂ ಸರಿ. ಅಂಚು ಮೆತ್ತಗಾಗಲಿ, ಪಡುವಣ ಕೋಣೆಗೆ ಸಂಜೆ ನಾಲ್ಕಕ್ಕೆ ಹೊಡೆಯುವ ಬಿಸಿಲು ಮಾತ್ರ ಚಿತ್ರದಲ್ಲಿ ಇರಲೇಬೇಕು. ಸಾಲ ತೀರಿಸುತ್ತಾ ಆ ಕೋಣೆಯಲ್ಲಿ ಮಲಗುವವರು ಅವರು, ನಾವಲ್ಲ.

ಧೂಳೂ ಹಾಗೆಯೇ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು, 2013ರಲ್ಲಿ ಷರತ್ತುಗಳೊಡನೆ ಮತ್ತೆ ಅನುಮತಿ ಸಿಕ್ಕಿತು. ಈ ಸೀಮೆಯಲ್ಲಿ ಬಿಳಿ ಗೋಡೆ ಬಹಳ ದಿನ ಬಿಳಿಯಾಗಿ ಉಳಿಯುವುದಿಲ್ಲ. ಆದ್ದರಿಂದ ಗೋಡೆಯ ಬುಡಕ್ಕೆ ತೆಳುವಾದ ಕೆಂಪು ಪಟ್ಟಿಯೊಂದನ್ನು ಬ್ರಷ್‌ನಿಂದ ಎಳೆದೇ ತೋರಿಸುತ್ತೇವೆ.

ಆ ತಾಯಿ ಅದನ್ನು ನೋಡಿ ನಕ್ಕರು. "ಹೆಂಗೂ ಕೆಂಪಾಗತೈತಿ. ಕಿಟಕಿ ಮಟ್ಟ ನೀವೇ ಕೆಮ್ಮಣ್ಣಿನ ಬಣ್ಣ ಬಳದು ಕೊಡ್ರಿ."

ಬಳಿದು ಕೊಟ್ಟೆವು. ಮೇಸ್ತ್ರಿ ಈಗ ಕಟ್ಟೆಯ ಅಳತೆ ಕೇಳುತ್ತಿದ್ದಾರೆ.