ಕೊಪ್ಪದ ಗಾಡಿ, ಮದರಾಸಿನ ಸೆಕೆ

ಮದರಾಸು ಚೆನ್ನೈ ಆದದ್ದು 1996ರಲ್ಲಿ. ನಮ್ಮ ಅಪ್ಪಯ್ಯನ ಮಟ್ಟಿಗೆ ಅದು ಇನ್ನೂ ಆಗಿಲ್ಲ. ಕೊಪ್ಪದ ಹತ್ತಿರದ ನಮ್ಮ ಮನೆಯ ಜಗುಲಿಯಲ್ಲಿ ಕೂತು, "ಆ ಮದರಾಸಲ್ಲಿ ಮನುಷ್ಯರು ಇರ್ತಾರಾ ಮಾರಾಯ?" ಎಂದು ನನ್ನನ್ನು ಕೇಳುತ್ತಿದ್ದವರು ಅವರು. ಅಮ್ಮ ತೀರಿಕೊಂಡ ಮೇಲೆ, 79ನೇ ವಯಸ್ಸಿನಲ್ಲಿ, ಪಶ್ಚಿಮ ಮಾಂಬಲದ ನನ್ನ ಎರಡು ಕೋಣೆಯ ಫ್ಲ್ಯಾಟಿಗೆ ಬರಲು ಒಪ್ಪಿದರು. ಕರಾರು ಒಂದೇ.

"ನಾ ಬರ್ತೇನೆ. ಗಾಡಿನೂ ಬರ್ಬೇಕು."

ಗಾಡಿ ಅಂದರೆ 1952ರ ಶೆವರ್ಲೆ ಪಿಕಪ್. 1928ರಿಂದ 1954ರವರೆಗೆ ಜನರಲ್ ಮೋಟರ್ಸ್‌ನವರು ಮುಂಬೈಯ ಶಿವಡಿಯಲ್ಲಿ ಗಾಡಿಗಳನ್ನು ಜೋಡಿಸಿ ಮಾರುತ್ತಿದ್ದರು. ನಮ್ಮದು ಆ ಕಾಲದ್ದು. ನನ್ನ ಅಜ್ಜ ಇದನ್ನು ಚಿಕ್ಕಮಗಳೂರಿನ ಕಡೆಯ ಕಾಫಿ ಎಸ್ಟೇಟೊಂದರಿಂದ ಸೆಕೆಂಡ್ ಹ್ಯಾಂಡಿಗೆ ಕೊಂಡರು. ನಂಬರ್ ಪ್ಲೇಟಿನಲ್ಲಿ ಇನ್ನೂ ಮೈಸೂರು ರಾಜ್ಯದ 'ಎಂವೈ' ಅಕ್ಷರಗಳಿದ್ದವು. ಒಂದೇ ಸಾಲಿನಲ್ಲಿ ಆರು ಸಿಲಿಂಡರಿನ, ಮೂರೂವರೆ ಲೀಟರಿನ ಪೆಟ್ರೋಲ್ ಎಂಜಿನ್, 90ರ ಆಸುಪಾಸು ಅಶ್ವಶಕ್ತಿ. ಸ್ಟಾರ್ಟರನ್ನು ಕಾಲಿನಲ್ಲಿ ತುಳಿಯಬೇಕು. ಕ್ಲಚ್ಚು, ಬ್ರೇಕು ಎರಡೂ ನೆಲದ ಸೀಳಿನಿಂದ ಮೇಲೆದ್ದು ಬಂದಿವೆ. ಆ ಸೀಳುಗಳಲ್ಲಿ ಕೆಳಗಿನ ರಸ್ತೆ ಓಡುವುದು ಕಾಣುತ್ತದೆ. ಮಳೆಗಾಲದಲ್ಲಿ ಕೆಸರು ಅಲ್ಲಿಂದಲೇ ಪಂಚೆಗೆ ಹಾರುತ್ತಿತ್ತು. ಅಡಿಕೆ ಚೀಲ, ಗೊಬ್ಬರ, ಮದುವೆ ಮನೆಯ ಪಾತ್ರೆ, ಹೆರಿಗೆ ನೋವಿನ ಹೆಂಗಸರು, ಒಮ್ಮೆ ನಾನೂ, ಎಲ್ಲರೂ ಇದರಲ್ಲೇ ಹೋಗಿ ಬಂದವರು. ಅಂಥ ಊರಿನಲ್ಲಿ ಗಾಡಿಗೆ ಏಸಿ ಹಾಕಿಸುವ ಮಾತನ್ನು ಯಾರಾದರೂ ಆಡಿದ್ದರೆ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ಗಾಡಿಯನ್ನು ಲಾರಿಯ ಮೇಲೇರಿಸಿ ಹಾಸನ, ಬೆಂಗಳೂರು, ಕೃಷ್ಣಗಿರಿ, ವೇಲೂರು ದಾಟಿಸಿ ತಂದೆವು. ಕಾಗದ ಪತ್ರಗಳ ಕಥೆ ಬೇಡ, ಹೊರನಾಡಿನಲ್ಲಿದ್ದವರಿಗೆಲ್ಲ ಅದು ಗೊತ್ತಿರುವುದೇ.

ಡಿಸೆಂಬರ್, ಜನವರಿ ಚೆನ್ನಾಗಿಯೇ ಕಳೆಯಿತು. ಸಂಜೆ ಐದಕ್ಕೆ ಅಪ್ಪಯ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೆಳಗಿಳಿಯುವುದು, ನಾನು ಡ್ರೈವ್ ಮಾಡುವುದು, ಅವರು ಪಕ್ಕದಲ್ಲಿ ಕೂತು ನನ್ನ ಗೇರಿನ ತಪ್ಪು ಹೇಳುವುದು. ಬೆಸೆಂಟ್ ನಗರದ ಸಮುದ್ರದ ತನಕ ಹೋಗಿ ಬರುವುದು. ಸಿಗ್ನಲ್ಲಿನಲ್ಲಿ ಆಟೋದವರು ಗಾಡಿಯ ಬಗ್ಗೆ ಕೇಳಿದರೆ ಅಪ್ಪಯ್ಯ ಕನ್ನಡದಲ್ಲೇ ಉತ್ತರಿಸುತ್ತಿದ್ದರು. ಆಟೋದವರಿಗೆ ಅದು ಹೇಗೋ ಅರ್ಥವಾಗುತ್ತಿತ್ತು.

ಮಾರ್ಚ್ ಬಂತು. ಬಿಸಿಲಿಗೆ ಕಾದ ಬರಿ ತಗಡಿನ ಮಾಡು, ಕಾಲ ಬುಡದಲ್ಲಿ ಎಂಜಿನ್ನಿನ ಝಳ, ಮೇಲೆ ಚೆನ್ನೈಯ ತೇವದ ಸೆಕೆ. ಒಂದು ಸಂಜೆ ಅಡ್ಯಾರಿನ ಟ್ರಾಫಿಕ್ಕಿನಲ್ಲಿ ಅಪ್ಪಯ್ಯನ ಮುಖ ಬಿಳಿಚಿಕೊಂಡಿತು. ಡಾಕ್ಟರು ಸೆಕೆಯಲ್ಲಿ ಓಡಾಡಬಾರದು ಎಂದರು. ಮೇ ತಿಂಗಳ 'ಕತ್ತಿರಿ' ಇನ್ನೂ ಬಾಕಿ ಇತ್ತು; ಅಗ್ನಿ ನಕ್ಷತ್ರದ ಆ ಮೂರೂವರೆ ವಾರವನ್ನು ಇಲ್ಲಿಯವರು ಮಾರಿಜಾತ್ರೆಯ ಹಾಗೆ ತಿಂಗಳ ಮುಂಚಿನಿಂದಲೇ ಎಣಿಸುತ್ತಾರೆ.

ನನ್ನ ಮಾರುತಿಯಲ್ಲಿ ಏಸಿ ಇದೆ, ಅದರಲ್ಲಿ ಹೋಗೋಣ ಎಂದೆ.

"ನಿನ್ನ ಕಾರಲ್ಲಿ ಕೂತ್ರೆ ನಾನು ಗೂಡ್ಸು," ಎಂದರು.

ಆಮೇಲೆ ಅವರು ಹೊರಗೆ ಹೋಗುವುದನ್ನೇ ಬಿಟ್ಟರು. ಬೆಳಿಗ್ಗೆ ಕೆಳಗಿಳಿದು, ಗಾಡಿಗೆ ಹೊದಿಸಿದ ಟಾರ್ಪಾಲನ್ನು ಸ್ವಲ್ಪ ಎತ್ತಿ ನೋಡಿ, ಮತ್ತೆ ಮೇಲೆ ಬಂದು ಫ್ಯಾನಿನಡಿ ಕೂರುತ್ತಿದ್ದರು. ಮಾತು ಕಡಿಮೆಯಾಯಿತು. ಊಟಕ್ಕೆ ಕರೆದರೆ "ಹ್ಞೂಂ". ಹದಿನೈದು ದಿನ ಇದನ್ನು ನೋಡಿದ ನನ್ನ ಹೆಂಡತಿ, "ಗಾಡಿಗೇ ಏಸಿ ಹಾಕ್ಸಿ ಅತ್ಲಾಗೆ," ಎಂದಳು. ನನಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು.

ಹಳೆ ಗಾಡಿಯ ಶೋಕಿ ಇರುವ ಕೆಲವರನ್ನು ವಿಚಾರಿಸಿದೆ. ಎಲ್ಲರೂ ಬೇಡ ಎಂದರು. ಒಂದು ತೂತು ಕೊರೆದರೂ 'ಒರಿಜಿನಲ್' ಹಾಳಾಗುತ್ತದಂತೆ. ಅವರ ಗಾಡಿಗಳು ವರ್ಷಕ್ಕೊಮ್ಮೆ ರ್‍ಯಾಲಿಗೆ ಹೊರಡುವಂಥವು. ನಮ್ಮದರ ಒರಿಜಿನಲ್ ಗೊಬ್ಬರದ ಚೀಲದಡಿ ಎಂದೋ ಹೋಗಿತ್ತು. ಒಬ್ಬರು ಮಾತ್ರ ಒಂದು ಸ್ವಾರಸ್ಯದ ಸಂಗತಿ ಹೇಳಿದರು. ಕಂಪನಿಯಿಂದಲೇ ಏಸಿ ಕೂರಿಸಿಕೊಂಡು ಬಂದ ಮೊದಲ ಕಾರು 1940ರ ಮಾಡೆಲ್ಲಿನ ಪ್ಯಾಕರ್ಡ್; ಅದರ ಏಸಿ ಪೂರ್ತಿ ನಿಲ್ಲಿಸಬೇಕಾದರೆ ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಬೆಲ್ಟ್ ಕಳಚಬೇಕಿತ್ತಂತೆ. ನಮ್ಮ ಅಜ್ಜನಾದರೆ ಅಂಥದ್ದನ್ನು ಖುಷಿಯಿಂದ ಕೊಳ್ಳುತ್ತಿದ್ದರು.

ಚೆನ್ನೈಯಲ್ಲಿ ಇಂಥ ಕೆಲಸಕ್ಕೆ ಪುದುಪೇಟೆ. ಎಗ್ಮೋರಿನ ಮಗ್ಗುಲಲ್ಲಿ, ಕೂವಂ ನದಿಯ ದಡದಲ್ಲಿ, ಬೀದಿಗೆ ಬೀದಿಯೇ ಬಿಚ್ಚಿ ಹಾಕಿದ ವಾಹನ. ಒಂದಂಗಡಿಯಲ್ಲಿ ಬರೀ ಬಾಗಿಲು, ಇನ್ನೊಂದರಲ್ಲಿ ಬರೀ ಸ್ಟೀರಿಂಗು. ನಮಗೆ ಸಿಕ್ಕ ಮೆಕ್ಯಾನಿಕ್ ಐವತ್ತು ದಾಟಿದವರು, ಅಂಬಾಸಿಡರ್‌ಗಳಿಗೆ ಏಸಿ ಕೂರಿಸಿ ಕೂರಿಸಿ ಕೈ ಪಳಗಿದವರು. ಗಾಡಿಯ ಸುತ್ತ ಮೂರು ಸುತ್ತು ಬಂದು, ಬ್ಯಾಟರಿ ನೋಡಿ ನಕ್ಕರು. ಆರು ವೋಲ್ಟು!

ಏಸಿ ಅಂದರೆ ತಂಪು ಗಾಳಿಯ ಒಂದು ಪೆಟ್ಟಿಗೆ ಎಂದುಕೊಂಡಿದ್ದ ನನಗೆ ಅಲ್ಲಿಂದ ಪಾಠ ಶುರುವಾಯಿತು. ಬ್ಲೋವರ್‌ಗೆ, ಕಂಪ್ರೆಸರಿನ ಮ್ಯಾಗ್ನೆಟ್ ಕ್ಲಚ್ಚಿಗೆ 12 ವೋಲ್ಟು ಬೇಕು. ಹಾಗಾಗಿ ಹಳೆ ಡೈನಮೋ ಹೋಗಿ ಗುಜರಿಯಿಂದ ಮಾರುತಿಯ ಆಲ್ಟರ್ನೇಟರ್ ಬಂತು. ಬಲ್ಬುಗಳೆಲ್ಲ ಬದಲು. ಪೆಟ್ರೋಲ್ ಮುಳ್ಳಿಗೆ ಕರೆಂಟು ತಗ್ಗಿಸುವ ಒಂದು ಸಣ್ಣ ಡಬ್ಬಿ. ಸ್ಟಾರ್ಟರನ್ನು ಹಾಗೇ ಬಿಟ್ಟರು. ಈಗ ತುಳಿದರೆ ಎಂಜಿನ್ನು ಬೆಚ್ಚಿಬಿದ್ದವರ ಹಾಗೆ ಎದ್ದು ಕೂರುತ್ತದೆ.

ಕಂಪ್ರೆಸರ್ ಸ್ಯಾಂಡೆನ್‌ನ 508, ಒಳಗೆ ಐದು ಪುಟ್ಟ ಪಿಸ್ಟನ್. ಅದನ್ನು ಎಂಜಿನ್ನಿಗೆ ಕಟ್ಟಲು ಬ್ರಾಕೆಟ್ ಎಲ್ಲೂ ಸಿಗುವುದಿಲ್ಲ, ಮಾಡಿಸಬೇಕು. ಮೊದಲ ಬ್ರಾಕೆಟ್ ಒಂದೇ ವಾರದಲ್ಲಿ ವೆಲ್ಡಿಂಗಿನ ಹತ್ತಿರ ಸೀಳಿತು. ಇಷ್ಟು ಉದ್ದದ ಎಂಜಿನ್ನು ನಿಧಾನಕ್ಕೆ ತಿರುಗುವಾಗ ಎಮ್ಮೆ ಮೈ ಕೊಡವಿದ ಹಾಗೆ ಅಲುಗುತ್ತದೆ, ಆರು ಮಿಲಿಮೀಟರಿನ ತಗಡು ಅದಕ್ಕೆ ಸಾಲದು. ಎರಡನೆಯದನ್ನು ಹತ್ತು ಮಿಲಿಮೀಟರಿನ ಪ್ಲೇಟಿನಲ್ಲಿ ಮಾಡಿ, ತ್ರಿಕೋನದ ಆಸರೆ ಕೊಟ್ಟರು. ಹಳೆ ಪುಲ್ಲಿಯ ಬೆಲ್ಟು ಅಗಲ, ಕಂಪ್ರೆಸರಿನದ್ದು ಸಪೂರ. ಲೇತಿನಲ್ಲಿ ಹೊಸ ಪುಲ್ಲಿ ಕಡೆಸಿ, ಎರಡೂ ಒಂದೇ ಗೆರೆಯಲ್ಲಿವೆಯೇ ಎಂದು ಗಾರೆಯವರ ಹಾಗೆ ನೂಲು ಹಿಡಿದು ನೋಡಿದರು.

ರೇಡಿಯೇಟರಿನ ಮುಂದೆ ಕಂಡೆನ್ಸರ್ ಕೂತಿತು. ಕ್ಯಾಬಿನಿಂದ ಹೀರಿದ ಬಿಸಿಯನ್ನೆಲ್ಲ ಅದು ಹೊರಗೆ ಹಾಕುವುದು ಅಲ್ಲಿ, ಅಂದರೆ ನೇರ ರೇಡಿಯೇಟರಿನ ಮುಖಕ್ಕೆ. ಗಾಡಿ ಓಡುವಾಗ ತೊಂದರೆಯಿಲ್ಲ. ಟಿ. ನಗರದ ಸಿಗ್ನಲ್ಲಿನಲ್ಲಿ ನಿಂತರೆ ಮುಳ್ಳು ಏರುತ್ತಾ ಹೋಯಿತು. ರೇಡಿಯೇಟರಿಗೆ ಇನ್ನೊಂದು ಸಾಲು ಕೊಳವೆ ಸೇರಿಸಿ, ಕಂಡೆನ್ಸರಿನ ಮುಂದೊಂದು ಕರೆಂಟ್ ಫ್ಯಾನು ಇಟ್ಟ ಮೇಲೆ ಶಾಂತವಾಯಿತು. ಕೊಪ್ಪದ ಏರಿನಲ್ಲಿ ಎಂದೂ ಕುದಿಯದ ಗಾಡಿ ಇಲ್ಲಿ ನಿಂತಲ್ಲೇ ಕುದಿಯುವುದನ್ನು ನೋಡಿ ಅಪ್ಪಯ್ಯ, "ಅದಕ್ಕೂ ನನ್ನ ಹಾಗೇ ಆಗ್ತಿದೆ," ಎಂದರು.

ಇಷ್ಟಾದರೂ ತಂಪು ಬರಲಿಲ್ಲ. ಡ್ಯಾಶಿನ ಕೆಳಗೆ ಇಟ್ಟ ಪೆಟ್ಟಿಗೆಯ ಬಾಯಿಗೆ ಕೈ ಒಡ್ಡಿದರೆ ಮಂಜು. ಒಂದಡಿ ಆಚೆ ಮೇ ತಿಂಗಳು. ಮೆಕ್ಯಾನಿಕ್ ಹೇಳಿದರು: "ಓಟ್ಟೈ ಅಡೈಚ್ಚಾತ್ತಾನ್ ಕೂಲಿಂಗ್ ಸಾರ್." ತೂತು ಮುಚ್ಚಿದರೇ ತಂಪು. ಎಂಟು ದಿನ ಬರೀ ತೂತು ಮುಚ್ಚುವ ಕೆಲಸ. ಪೆಡಲಿನ ಸೀಳುಗಳಿಗೆ ರಬ್ಬರಿನ ಗವಸು. ಎಂಜಿನ್ ಮತ್ತು ಕ್ಯಾಬಿನ ನಡುವಿನ ತಗಡಿನಲ್ಲಿ, ಎಪ್ಪತ್ತು ವರ್ಷದಲ್ಲಿ ಯಾರ್‍ಯಾರೋ ಯಾವುದಕ್ಕೋ ಕೊರೆದ ತೂತುಗಳನ್ನು ಎಣಿಸಿದರೆ ಹದಿನೇಳು. ಬಾಗಿಲಿಗೆ ಹೊಸ ಬೀಡಿಂಗು, ಮಾಡಿನಡಿ, ನೆಲದಡಿ ಫೆಲ್ಟು. ಎಡಬದಿಗೆ ಕಾಲ ಪಕ್ಕದಲ್ಲಿ ಒಂದು ಪುಟ್ಟ ಗಾಳಿಕಿಂಡಿ ಇದೆ, ಸನ್ನೆ ಎಳೆದರೆ ತೆರೆಯುತ್ತದೆ. ಅದನ್ನೂ ಮುಚ್ಚಿ ಸೀಲ್ ಮಾಡಿದರು. ಪಂಪು ಹಚ್ಚಿ ಪೈಪಿನೊಳಗಿನ ಗಾಳಿಯನ್ನೆಲ್ಲ ಮುಕ್ಕಾಲು ಗಂಟೆ ಎಳೆದು, ಮುಳ್ಳು ನಿಂತಲ್ಲೇ ನಿಂತಿದೆಯೇ ನೋಡಿ, ಗ್ಯಾಸ್ ತುಂಬಿದರು.

ತಣ್ಣಗಾಯಿತು. ನಿಜವಾಗಿ ತಣ್ಣಗಾಯಿತು. ಕೆಳಗಿನ ಕೊಳವೆಯಿಂದ ತೊಟ್ಟಿಕ್ಕುವ ನೀರು ನೋಡಿ ಅಪ್ಪಯ್ಯ, "ಇಷ್ಟು ನೀರು ಗಾಳಿಲಿತ್ತಾ? ಮತ್ತೆ ಇವ್ರು ಕುಡಿಯೋ ನೀರಿಗೆ ಯಾಕೆ ಬಡಿದಾಡ್ತಾರೆ?" ಎಂದು ಕೇಳಿದರು. ಚೆನ್ನೈಯ ಏಸಿಗೆ ಅರ್ಧ ಕೆಲಸ ಗಾಳಿಯನ್ನು ಹಿಂಡುವುದೇ.

ಗ್ಲಾಸೇರಿಸಿ ಹೊರಟೆವು. ಒಳಗೆ ಸದ್ದೇ ಇಲ್ಲ. ನಾನು ಗೇರು ತಪ್ಪಿದರೂ ಅಪ್ಪಯ್ಯ ಏನೂ ಹೇಳಲಿಲ್ಲ. ಸೈದಾಪೇಟೆ ದಾಟುವಾಗ ತಿರುಗಿ ನೋಡಿದೆ, ಬಾಗಿಲಿಗೆ ತಲೆ ಆನಿಸಿದ್ದರು. ನಿದ್ದೆ ಎಂದುಕೊಂಡೆ. ನನ್ನ ತಲೆಯೂ ಭಾರವಾಗಿತ್ತು. ಸೇತುವೆ ದಾಟಿ ಒಂದು ಫರ್ಲಾಂಗು ಹೋದ ಮೇಲೆ ಅವರು ಏನೋ ಗೊಣಗಿದರು, ಬಾಯಿ ತೊದಲುತ್ತಿತ್ತು. ಗಾಡಿ ನಿಲ್ಲಿಸಿ, ಬಾಗಿಲು ತೆಗೆದು, ಫುಟ್‌ಪಾತಿನ ಮೇಲೆ ಕೂರಿಸಿದೆ. ವಾಂತಿ ಮಾಡಿದರು. ಎಳನೀರಿನ ಹೆಂಗಸೊಬ್ಬಳು ಓಡಿ ಬಂದು ಮುಖಕ್ಕೆ ನೀರು ಹಾಕಿದಳು. ನನ್ನ ಕೈ ನಡುಗುತ್ತಿತ್ತು. ಊರಲ್ಲಿದ್ದ ಮುದುಕನನ್ನು ಇಲ್ಲಿ ತಂದು, ಅವರ ಗಾಡಿಯಲ್ಲೇ ಕೂರಿಸಿ ಕೊಂದೆನೇನೋ ಅನ್ನಿಸಿತು.

ಹತ್ತು ನಿಮಿಷಕ್ಕೆ ಕಣ್ಣು ಬಿಟ್ಟು ಅವರು ಆಡಿದ ಮೊದಲ ಮಾತು: "ಪೆಟ್ರೋಲು."

"ಏನು ಅಪ್ಪಯ್ಯ?"

"ಪೆಟ್ರೋಲ್ ವಾಸ್ನೆ ಮಾರಾಯ. ಟ್ಯಾಂಕು ಒಳಗೇ ಇದೆಯಲ್ಲ. ನಾವು ಯಾವತ್ತಾದ್ರೂ ಎರಡೂ ಗ್ಲಾಸು ಏರಿಸಿ ಓಡಿಸಿದ್ದು ನೋಡಿದ್ದೀಯಾ?"

ಈ ಮಾಡೆಲ್ಲಿನಲ್ಲಿ ಪೆಟ್ರೋಲ್ ಟ್ಯಾಂಕು ಸೀಟಿನ ಬೆನ್ನ ಹಿಂದೆ, ಕ್ಯಾಬಿನ ಒಳಗೇ. ನನಗೂ ಗೊತ್ತಿತ್ತು, ಮೆಕ್ಯಾನಿಕ್ಕಿಗೂ ಗೊತ್ತಿತ್ತು, ಇಬ್ಬರಿಗೂ ಹೊಳೆದಿರಲಿಲ್ಲ. ಎಪ್ಪತ್ತು ವರ್ಷ ಆ ವಾಸನೆಯನ್ನು ಹೊರಗೆ ಒಯ್ದದ್ದು ನಾವು ಮುಚ್ಚಿಸಿದ ತೂತುಗಳು. ಗಾಳಿ ಓಡಾಡದ ಪೆಟ್ಟಿಗೆಯಲ್ಲಿ ಪೆಟ್ರೋಲ್ ಆವಿ ತಲೆ ತಿರುಗಿಸುವುದಷ್ಟೇ ಅಲ್ಲ, ಬ್ಲೋವರಿನ ಒಂದು ಕಿಡಿ ಸಾಕಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಗಾಡಿಯನ್ನು ಮಾರಿಬಿಡುವುದೆಂದು ಬೆಳಗಿನ ಜಾವ ತೀರ್ಮಾನಿಸಿದೆ.

ಬೆಳಿಗ್ಗೆ ಎದ್ದರೆ ಅಪ್ಪಯ್ಯ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. "ನಡಿ, ಆ ಪೇಟೆಗೆ."

ಪುದುಪೇಟೆಯಲ್ಲಿ ಅವರಿಗೊಂದು ಸ್ಟೂಲು ಹಾಕಿದರು. ಅವರು ಕನ್ನಡ, ಮೆಕ್ಯಾನಿಕ್ ತಮಿಳು, ನಡುವೆ ನಾನು ದುಭಾಷಿ. ಕಾಲು ಗಂಟೆಗೆ ನನ್ನ ಅಗತ್ಯವೇ ಇರಲಿಲ್ಲ. ಸೀಟು ಬಿಚ್ಚಿಸಿದರು. ಪೆಟ್ರೋಲ್ ಹಾಕುವ ಕೊಳವೆ ಟ್ಯಾಂಕಿಗೆ ಸೇರುವ ರಬ್ಬರನ್ನು ಬೆರಳಿನಿಂದ ಒತ್ತಿದರೆ ಹಪ್ಪಳದ ಹಾಗೆ ಬಿರಿಯಿತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸಿರುತ್ತಾರೆ, ಹಳೆ ರಬ್ಬರಿಗೆ ಅದು ಆಗಿಬರುವುದಿಲ್ಲ. ಮೆಕ್ಯಾನಿಕ್ ಅಷ್ಟಕ್ಕೇ ಮುಗಿಯಿತೆಂದರು. ಅಪ್ಪಯ್ಯ ತಲೆಯಾಡಿಸಿ ಟ್ಯಾಂಕಿನ ನೆತ್ತಿ ತೋರಿಸಿದರು. ಪೆಟ್ರೋಲ್ ಮುಳ್ಳಿನ ತಂತಿ ಒಳಗಿಳಿಯುವ ಕಡೆ ಒಂದು ಕಾರ್ಕಿನ ಗ್ಯಾಸ್ಕೆಟ್ ಇರುತ್ತದೆ, ಅದು ಒಣಗಿ ಕುಗ್ಗುತ್ತದೆ, ಅಜ್ಜನ ಕಾಲದಲ್ಲಿ ಎರಡು ಸಲ ಬದಲಿಸಿದ್ದಾರೆ. ಬಿಚ್ಚಿ ನೋಡಿದರೆ ಪುಡಿ. ಮೆಕ್ಯಾನಿಕ್ ಅಪ್ಪಯ್ಯನನ್ನು ಅಲ್ಲಿಯವರೆಗೆ 'ಸಾರ್' ಎನ್ನುತ್ತಿದ್ದವರು ಅಲ್ಲಿಂದ 'ಅಯ್ಯಾ' ಎನ್ನತೊಡಗಿದರು. ಎರಡು ಸಲ ಟೀ ಬಂತು.

ಎಥನಾಲ್ ತಡೆಯುವ ಹೊಸ ಕೊಳವೆ, ಹೊಸ ಗ್ಯಾಸ್ಕೆಟ್, ಟ್ಯಾಂಕಿನ ಉಸಿರು ಹೊರಗೆ ಹೋಗಲು ಗಾಡಿಯ ಕೆಳಗಿನವರೆಗೆ ಒಂದು ಸಣ್ಣ ಪೈಪು, ಟ್ಯಾಂಕಿಗೂ ಸೀಟಿಗೂ ನಡುವೆ ಬಿಗಿಯಾದ ತಗಡಿನ ಗೋಡೆ. ಎರಡು ದಿನ ಗ್ಲಾಸೇರಿಸಿ ನಿಲ್ಲಿಸಿ, ಬೆಳಿಗ್ಗೆ ಬಾಗಿಲು ತೆಗೆದು ಮೂಸಿದೆವು. ಏನೂ ಇಲ್ಲ.

ಆಗ ಅಪ್ಪಯ್ಯ ಕಾಲ ಪಕ್ಕದ ಗಾಳಿಕಿಂಡಿ ತೋರಿಸಿ, ಅದರ ಸೀಲು ಕಿತ್ತು ಹಾಕು ಎಂದರು.

"ಕೂಲಿಂಗ್ ಪೋಯಿಡುಂ ಅಯ್ಯಾ," ಎಂದರು ಮೆಕ್ಯಾನಿಕ್. ತಂಪು ಹೋಗುತ್ತದೆ.

"ಹೋದಷ್ಟು ಹೋಗ್ಲಿ."

ಈಗ ಸಂಜೆ ಐದಕ್ಕೆ ಮತ್ತೆ ಹೊರಡುತ್ತೇವೆ. ಏಸಿ ಎರಡರಲ್ಲಿ, ಕಿಂಡಿ ಒಂದು ಬೆರಳಷ್ಟು ತೆರೆದು. ಅಷ್ಟು ಸಂದಿನಲ್ಲೇ ಎಂಜಿನ್ನಿನ ಸದ್ದೂ ಒಳಗೆ ಬರುತ್ತದೆ, ನನ್ನ ಗೇರಿನ ತಪ್ಪೂ ಅವರಿಗೆ ಕೇಳಿಸುತ್ತದೆ. ಬೆಸೆಂಟ್ ನಗರದಲ್ಲಿ ಸಮುದ್ರ ಕಾಣುವ ತಿರುವು ಬಂದಾಗ ಅವರೇ ಕೈ ಚಾಚಿ ಏಸಿ ಆರಿಸಿ, ಸನ್ನೆಯನ್ನು ಪೂರ್ತಿ ಎಳೆಯುತ್ತಾರೆ. ಉಪ್ಪು ಗಾಳಿ ಪಂಚೆಯನ್ನು ಉಬ್ಬಿಸುತ್ತದೆ. ಹೋದ ವಾರ ತಂಪು ಸ್ವಲ್ಪ ಇಳಿದ ಹಾಗಿತ್ತು. ಎಲ್ಲೋ ಗ್ಯಾಸು ಸೋರುತ್ತಿರಬೇಕು, ಸೋಪು ನೀರು ಹಚ್ಚಿ ನೋಡೋಣ ಎಂದು ಅಪ್ಪಯ್ಯ ಪುದುಪೇಟೆಗೆ ತಾವೇ ಫೋನು ಮಾಡಿದ್ದಾರೆ, ಕನ್ನಡದಲ್ಲಿ. ಭಾನುವಾರ ಬನ್ನಿ ಎಂದರಂತೆ.